ಇಬ್ಬರ ರೆಗ್ಗೆ-ಡಾನ್ಸ್‌ಹಾಲ್-ಹಿಪ್‌ಹಾಪ್ ಇಪಿ: ಎರಡು ಹಾಡು ಒಂದರ ಮೇಲೊಂದು ಹೇರಿದಂತೆ ಕೇಳಿಸುತ್ತಿದೆ, ಎಲ್ಲಿ ತಪ್ಪುತ್ತಿದೆ?

ಕಿಕ್_ಕಡಲು (ಪ್ರಶ್ನೆ)

ಇಬ್ಬರು ಸೇರಿ 5 ಹಾಡಿನ ಇಪಿ (ಆಲ್ಬಮ್ಮಿಗಿಂತ ಚಿಕ್ಕ ಸಂಕಲನ) ಮಾಡುತ್ತಿದ್ದೇವೆ. ಒಬ್ಬರದು ಕನ್ನಡ ರ‍್ಯಾಪ್, ಇನ್ನೊಬ್ಬರದು ಡಾನ್ಸ್‌ಹಾಲ್ ರೀತಿಯಲ್ಲಿ ಅರ್ಧ ಹಾಡು ಅರ್ಧ ಮಾತು. ಮಾದರಿಯಾಗಿ ಇಟ್ಟುಕೊಂಡಿರುವುದು ಅಮೆರಿಕದ ರ‍್ಯಾಪರ್ ನಾಸ್ ಮತ್ತು ಜಮೈಕಾದ ರೆಗ್ಗೆ ಗಾಯಕ ಡೇಮಿಯನ್ ಮಾರ್ಲಿ 2010ರಲ್ಲಿ ತಂದ ‘ಡಿಸ್ಟೆಂಟ್ ರಿಲೇಟಿವ್ಸ್’. ಆ ಆಲ್ಬಮ್ಮಿನಲ್ಲಿ ಎರಡು ಸಂಗೀತ ಎಲ್ಲಿ ಕೂಡುತ್ತವೆ ಎಂಬುದೇ ಕಿವಿಗೆ ಗೊತ್ತಾಗುವುದಿಲ್ಲ, ಅಷ್ಟು ಹದವಾಗಿದೆ.

ನಮ್ಮದರಲ್ಲಿ 92 ಬಿಪಿಎಂನ (ನಿಮಿಷಕ್ಕೆ 92 ಬೀಟ್) ಹಿಪ್‌ಹಾಪ್ ಶೈಲಿಯ ಬೂಮ್‌ಬ್ಯಾಪ್ ಡ್ರಮ್ಸ್, ಅದರ ಮೇಲೆ ರೆಗ್ಗೆ ಗಿಟಾರಿನ ಚಾಪ್ (ತಟ್ಟನೆ ನಿಲ್ಲುವ ಮೊಟಕು ಮೀಟು), ಕೆಳಗೆ 808 (ಡ್ರಮ್ ಯಂತ್ರದ ಆಳವಾದ ಬೇಸ್ ಸದ್ದು) ಮತ್ತು ಬೇಸ್ ಗಿಟಾರ್ ಎರಡೂ ಇವೆ. ಕೋರಸ್ ಬಂದಾಗ ರೆಗ್ಗೆ, ವರ್ಸ್ (ಚರಣ) ಬಂದಾಗ ಹಿಪ್‌ಹಾಪ್. ನಡುವೆ ಹೊಲಿಗೆ ಎದ್ದು ಕಾಣುತ್ತದೆ. ತಿಳಿಯಬೇಕಾದದ್ದು ಇಷ್ಟು: ಡ್ರಮ್ಸನ್ನು ಹೇಗೆ ಬೆರೆಸುವುದು, ಇಬ್ಬರ ದನಿಯನ್ನು ಹೇಗೆ ಹಂಚುವುದು, ಬೇಸ್ ಕೆಸರಾಗುವುದನ್ನು ಹೇಗೆ ತಪ್ಪಿಸುವುದು, ಮತ್ತು ಒಂದು ಹಳೆಯ ಕನ್ನಡ ಗ್ರಾಮಫೋನ್ ಹಾಡಿನ ತುಣುಕನ್ನು ಲೂಪ್ ಮಾಡಿ ಬಳಸಬಹುದೇ ಎಂಬುದು.

---

ಹದಿನಾರು_ಮನೆ

ತೊಂದರೆ ಗಿಟಾರಿನಲ್ಲಿಲ್ಲ. ರೆಗ್ಗೆಯ ತೂಕ ಇರುವುದು ಕಿಕ್ (ದೊಡ್ಡ ಡ್ರಮ್ಮಿನ ಹೊಡೆತ) ಎಲ್ಲಿ ಬೀಳುವುದಿಲ್ಲ ಎಂಬುದರಲ್ಲಿ. ಬೂಮ್‌ಬ್ಯಾಪ್ ಬೀಟನ್ನು ಹಾಗೇ ಇಟ್ಟುಕೊಂಡು ಮೇಲೆ ಚಾಪ್ ಕೂರಿಸಿದರೆ ಅದು ರೆಗ್ಗೆ ವೇಷ ಹಾಕಿದ ಬೂಮ್‌ಬ್ಯಾಪ್ ಆಗಿಯೇ ಉಳಿಯುತ್ತದೆ.

ಒಂದು ಬಾರನ್ನು, ಅಂದರೆ ನಾಲ್ಕು ಬೀಟಿನ ಒಂದು ಸುತ್ತನ್ನು, ಸೀಕ್ವೆನ್ಸರಿನ 16 ಮನೆಗಳಾಗಿ ನೋಡಿ. ಬೂಮ್‌ಬ್ಯಾಪ್‌ನಲ್ಲಿ ಕಿಕ್ 1ನೇ ಮನೆಯಲ್ಲಿ, ಸ್ನೇರ್ (ಚುರುಕು ಸದ್ದಿನ ಡ್ರಮ್) 5 ಮತ್ತು 13ರಲ್ಲಿ, ಇನ್ನೊಂದೆರಡು ಕಿಕ್ 8, 11ರ ಆಸುಪಾಸಿನಲ್ಲಿ. ರೆಗ್ಗೆಯ ಒನ್ ಡ್ರಾಪ್‌ನಲ್ಲಿ 1ನೇ ಮನೆ ಖಾಲಿ. ಕಿಕ್ಕೂ ರಿಮ್‌ಶಾಟ್ಟೂ (ಸ್ನೇರಿನ ಅಂಚಿನ ಹೊಡೆತ) ಒಟ್ಟಿಗೆ 5 ಮತ್ತು 13ರಲ್ಲಿ ಬೀಳುತ್ತವೆ, ಗಿಟಾರ್ ಚಾಪ್ 3, 7, 11, 15ರಲ್ಲಿ. (ಇದು 75 ಬಿಪಿಎಂ ಎಣಿಕೆ. ಅದೇ ಹಾಡನ್ನು 150 ಎಂದು ಎಣಿಸುವವರು ‘ಡ್ರಾಪ್ ಮೂರನೇ ಬೀಟಿನ ಮೇಲೆ’ ಎನ್ನುತ್ತಾರೆ. ಎರಡೂ ಒಂದೇ, ಪಾಠಗಳನ್ನು ನೋಡುವಾಗ ಗೊಂದಲ ಬೇಡ.)

ಈಗ ಎರಡನ್ನೂ ಪಕ್ಕಪಕ್ಕ ಇಡಿ. 5 ಮತ್ತು 13 ಇಬ್ಬರಿಗೂ ಸೇರಿದ ಮನೆ. ಜಗಳ ಇರುವುದು 1ನೇ ಮನೆಯ ಬಗ್ಗೆ ಮಾತ್ರ. ಹಿಪ್‌ಹಾಪ್ ಅದನ್ನು ತುಂಬುತ್ತದೆ, ಒನ್ ಡ್ರಾಪ್ ಖಾಲಿ ಬಿಡುತ್ತದೆ. ಆದ್ದರಿಂದ ವರ್ಸ್‌ನಲ್ಲಿ ಒಂದು ಬೀಟ್, ಕೋರಸ್‌ನಲ್ಲಿ ಇನ್ನೊಂದು ಎಂದು ಬದಲಿಸುವ ಅಗತ್ಯವೇ ಇಲ್ಲ. 5 ಮತ್ತು 13ರ ಹೊಡೆತವನ್ನು ಹಾಡಿನುದ್ದಕ್ಕೂ ಒಂದೇ ಸದ್ದಿನಲ್ಲಿ ಇಟ್ಟು, 1ನೇ ಮನೆಯ ಕಿಕ್ಕನ್ನು ಮಾತ್ರ ತೆಗೆದು-ಹಾಕಿ ಮಾಡಿ. ರ‍್ಯಾಪ್ ಬಂದಾಗ ಕಿಕ್ ಸೇರುತ್ತದೆ, ಹಾಡು ಬಂದಾಗ ಆ ಜಾಗದಲ್ಲಿ ಬೇಸ್ ಮಾತ್ರ ಕೂರುತ್ತದೆ ಅಥವಾ ಏನೂ ಇರುವುದಿಲ್ಲ. ನೀವು ಹೇಳಿದ ಹೊಲಿಗೆ ಅಲ್ಲಿಗೇ ಅರ್ಧ ಮಾಯವಾಗುತ್ತದೆ.

ಡಾನ್ಸ್‌ಹಾಲ್ ಬೇರೆ ಲೆಕ್ಕ. ಸಾಮಾನ್ಯ ಮಾದರಿ ಹೀಗೆ: ಕಿಕ್ 1, ಕಿಕ್ 4, ಸ್ನೇರ್ 7, ಮತ್ತೆ ಕಿಕ್ 9, ಕಿಕ್ 12, ಸ್ನೇರ್ 15. ಅಂದರೆ ಎಂಟು ಮನೆಯನ್ನು 3-3-2 ಎಂದು ಮುರಿಯುವುದು. ಇಲ್ಲಿ ಸ್ನೇರ್ 7 ಮತ್ತು 15ರಲ್ಲಿದೆ, ಹಿಪ್‌ಹಾಪ್‌ನದು 5 ಮತ್ತು 13ರಲ್ಲಿ. ಎರಡನ್ನೂ ಇಟ್ಟುಕೊಂಡರೆ ಒಂದು ಬಾರಿನಲ್ಲಿ ನಾಲ್ಕು ಸ್ನೇರ್ ಆಗಿ, ಕೇಳುವವರಿಗೆ ತಲೆ ಎಲ್ಲಿ ಆಡಿಸಬೇಕೆಂದೇ ತಿಳಿಯುವುದಿಲ್ಲ. ಬೆರಕೆ ಹಾಡುಗಳು ಬಹಳಷ್ಟು ಸಲ ಕೆಡುವುದು ಇಲ್ಲೇ. ಒಂದನ್ನು ಆರಿಸಲೇಬೇಕು:

ಸ್ನೇರ್ 7 ಮತ್ತು 15ರಲ್ಲಿ ಎಂದಾದರೆ ಹಿಪ್‌ಹಾಪ್ ಗುಣವನ್ನು ಡ್ರಮ್ಮಿನ ಸದ್ದಿಗೆ, ಹೈಹ್ಯಾಟ್‌ಗೆ, ಲೂಪಿನ ಧೂಳಿಗೆ, ರ‍್ಯಾಪ್‌ನ ನುಡಿಗೆ ಬಿಡಿ. ಆಗ 7 ಮತ್ತು 15ರ ಗಿಟಾರ್ ಚಾಪ್ ತೆಗೆದು 3 ಮತ್ತು 11ರದ್ದನ್ನು ಮಾತ್ರ ಇಟ್ಟು ನೋಡಿ, ಸ್ನೇರಿಗೆ ಉಸಿರು ಸಿಗುತ್ತದೆ.

ಸ್ನೇರ್ 5 ಮತ್ತು 13ರಲ್ಲಿ ಎಂದಾದರೆ 3-3-2ನ್ನು ಬೇಸಿಗೆ ಕೊಡಿ, ಇಲ್ಲವೇ ಕಾಂಗಾ, ಶೇಕರ್, ತಮಟೆಯಂಥ ಪಕ್ಕವಾದ್ಯಕ್ಕೆ ಕೊಟ್ಟು ಸ್ನೇರಿಗಿಂತ 8ರಿಂದ 10 ಡೆಸಿಬಲ್ ಕೆಳಗಿಡಿ. ತಮಟೆ ಬಳಸುವುದಾದರೆ ಕೋಲಿನ ಚಟ್ ಸದ್ದು ರಿಮ್‌ಶಾಟ್ ಇರುವ ಕಡೆಯೇ ಬಂದು ಕೂರುತ್ತದೆ. ಎರಡೂ ಒಂದೇ ಮನೆಯಲ್ಲಿ ಬೀಳದಂತೆ ನೋಡಿಕೊಳ್ಳಿ.

ಇನ್ನು ಸ್ವಿಂಗ್, ಅಂದರೆ ಸಮಸಂಖ್ಯೆಯ ಮನೆಗಳನ್ನು ಕೊಂಚ ತಡವಾಗಿಸುವುದು. ಬೂಮ್‌ಬ್ಯಾಪ್ ಮಾಡುವವರು ಅಭ್ಯಾಸಬಲದಿಂದ 56–58% ಇಡುತ್ತಾರೆ. ಗಿಟಾರನ್ನು ನೇರ ಗ್ರಿಡ್ಡಿಗೆ ಕ್ವಾಂಟೈಸ್ ಮಾಡುತ್ತಾರೆ, ಅಂದರೆ ಕರಾರುವಾಕ್ಕಾಗಿ ಕೂರಿಸುತ್ತಾರೆ. 90 ಬಿಪಿಎಂನಲ್ಲಿ ಒಂದು ಮನೆಗೆ ಸುಮಾರು 167 ಮಿಲಿಸೆಕೆಂಡ್. ಸ್ವಿಂಗ್ 58% ಇಟ್ಟರೆ ಸಮಸಂಖ್ಯೆಯ ಮನೆಗಳು ಸುಮಾರು 27 ಮಿಲಿಸೆಕೆಂಡ್ ತಡವಾಗುತ್ತವೆ. ರೆಗ್ಗೆಯ ಆರ್ಗನ್ ಬಬಲ್‌ನ (ಎರಡು ಕೈಯಿಂದ ಸರದಿಯಂತೆ ಮೊಟಕಾಗಿ ನುಡಿಸುವ ನಡೆ) ಎಡಗೈ ಬೀಳುವುದು ಸರಿಯಾಗಿ ಆ ಸಮಮನೆಗಳಲ್ಲೇ: ಒಂದು ಬೀಟಿನಲ್ಲಿ ಮೊದಲ ಮನೆ ಮೌನ, ಎರಡರಲ್ಲಿ ಎಡಗೈ, ಮೂರರಲ್ಲಿ ಚಾಪ್ ಜೊತೆ ಬಲಗೈ, ನಾಲ್ಕರಲ್ಲಿ ಮತ್ತೆ ಎಡಗೈ. ಹೈಹ್ಯಾಟ್ ತಡವಾಗಿ, ಆರ್ಗನ್ ನೇರವಾಗಿ ಬಂದರೆ ಪ್ರತಿ ಬೀಟಿನಲ್ಲೂ ಎರಡು ಸಲ ಎಡವಿದಂತೆ ಕೇಳುತ್ತದೆ. ‘ಯಾಕೋ ಕೂರುತ್ತಿಲ್ಲ’ ಎನ್ನಿಸುವುದಕ್ಕೆ ಬಹುಪಾಲು ಇದೇ ಕಾರಣ. ಒಂದೇ ಗ್ರೂವ್ ಟೆಂಪ್ಲೇಟನ್ನು (ತಡ-ಬೇಗದ ಅಚ್ಚನ್ನು) ಹ್ಯಾಟ್, ಆರ್ಗನ್, ಶೇಕರ್ ಮೂರಕ್ಕೂ ಹಾಕಿ. ಲೂಪ್ ಬಳಸಿದರೆ ಆ ಲೂಪಿನಿಂದಲೇ ಗ್ರೂವ್ ತೆಗೆದು ಉಳಿದವಕ್ಕೆ ಹಚ್ಚಿ.

ವೇಗದ ಬಗ್ಗೆ: 92 ತಪ್ಪಲ್ಲ, ಆದರೆ ಒನ್ ಡ್ರಾಪ್‌ಗೆ ಅವಸರ, ಡಾನ್ಸ್‌ಹಾಲ್‌ಗೆ ಕೊಂಚ ನಿಧಾನ. ಐದು ಹಾಡನ್ನೂ ಒಂದೇ ವೇಗದಲ್ಲಿ ಮಾಡಬೇಡಿ. 74–78ರಲ್ಲಿ ಎರಡು, 86–90ರಲ್ಲಿ ಒಂದು, 96–102ರಲ್ಲಿ ಎರಡು ಇಟ್ಟರೆ ಇಬ್ಬರಿಗೂ ತಮ್ಮ ತಮ್ಮ ನೆಲ ಸಿಗುತ್ತದೆ.

ಚಾಪ್‌ನ ಉದ್ದವನ್ನು ಮರೆಯಬೇಡಿ. ಸ್ವರ 60–90 ಮಿಲಿಸೆಕೆಂಡಿನಲ್ಲಿ ಸಾಯಬೇಕು, ಎಡಗೈ ಸಡಿಲಿಸಿ ತಂತಿ ಮುಚ್ಚಬೇಕು. 250 ಹರ್ಟ್ಜ್‌ಗಿಂತ ಕೆಳಗಿನದ್ದನ್ನು ಕತ್ತರಿಸಿ. ಚಾಪ್ ಉದ್ದವಾದರೆ ರ‍್ಯಾಪ್‌ನ ವ್ಯಂಜನಗಳನ್ನು ನುಂಗುತ್ತದೆ.

---

ಕಿಂಗ್‌ಸ್ಟನ್_ಕಿವಿ

ಡ್ರಮ್ಸ್ ಬಗ್ಗೆ ಮೇಲಿನದ್ದಕ್ಕೆ ಸೇರಿಸಲು ನನ್ನಲ್ಲಿ ಹೆಚ್ಚಿಲ್ಲ. ದನಿ ಹಂಚಿಕೆಯ ಬಗ್ಗೆ ಮಾತ್ರ ಆಲ್ಬಮ್ಮನ್ನೇ ಎದುರಿಗಿಟ್ಟುಕೊಂಡು ಮಾತಾಡೋಣ, ಏಕೆಂದರೆ ನಿಮ್ಮ ಎರಡನೇ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಗುರು ಇಲ್ಲ.

ಇದು ಇಬ್ಬರು ಖ್ಯಾತರನ್ನು ಕಂಪನಿಯವರು ಜೋಡಿಸಿದ ಕೆಲಸವಲ್ಲ. 2005ರಲ್ಲಿ ಡೇಮಿಯನ್‌ನ ‘ವೆಲ್‌ಕಮ್ ಟು ಜ್ಯಾಮ್‌ರಾಕ್’ ಆಲ್ಬಮ್ಮಿನ ‘ರೋಡ್ ಟು ಝಯಾನ್’ ಹಾಡಿನಲ್ಲೇ ನಾಸ್ ಬಂದಿದ್ದ. ಐದು ವರ್ಷ ಕಳೆದು ಪೂರ್ಣ ಆಲ್ಬಮ್ ಬಂತು: 13 ಹಾಡು, ನಿರ್ಮಾಣ ಬಹುಪಾಲು ಡೇಮಿಯನ್ ಮತ್ತು ಅಣ್ಣ ಸ್ಟೀಫನ್ ಮಾರ್ಲಿಯದು. ಇದು ಮುಖ್ಯ. ನೆಲ ರೆಗ್ಗೆಯವರದು, ಅದರ ಮೇಲೆ ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಜ್‌ನಲ್ಲಿ ಬೆಳೆದ ರ‍್ಯಾಪರ್ ನಡೆಯುತ್ತಾನೆ. ನಿಮ್ಮ ಇಪಿಯಲ್ಲೂ ಬೀಟಿನ ಕೊನೆಯ ತೀರ್ಮಾನ ಒಬ್ಬರ ಕೈಲಿರಲಿ. ಇಬ್ಬರೂ ಅರ್ಧರ್ಧ ಮಾಡಿದರೆ ರಾಜಿ ಕೇಳಿಸುತ್ತದೆ.

‘ಆ್ಯಸ್ ವಿ ಎಂಟರ್’ ಗಮನವಿಟ್ಟು ಕೇಳಿ. ಇಥಿಯೋಪಿಯಾದ ಮುಲಾಟು ಅಸ್ತತ್ಕೆಯ ‘ಯೆಗೆಲ್ಲೆ ತೆಜೆತಾ’ದ ತುಣುಕಿನ ಮೇಲೆ ಕಟ್ಟಿದ ಹಾಡು. ಇಲ್ಲಿ ನಿನಗೆ 16 ಬಾರ್, ನನಗೆ 16 ಬಾರ್ ಎಂಬ ಪಾಲುಪಟ್ಟಿ ಇಲ್ಲ. ಒಬ್ಬ ಶುರು ಮಾಡಿದ್ದನ್ನು ಇನ್ನೊಬ್ಬ ಮುಗಿಸುತ್ತಾನೆ, ಸಾಲು ಸಾಲಿಗೆ ದನಿ ಬದಲಾಗುತ್ತದೆ. ನಮ್ಮ ಸವಾಲ್-ಜವಾಬಿನ ಹಾಗೆ, ಆದರೆ ಸ್ಪರ್ಧೆಯಿಲ್ಲದ ಸವಾಲ್-ಜವಾಬು. ಇದನ್ನು ಬೇರೆ ಬೇರೆ ರೆಕಾರ್ಡ್ ಮಾಡಿ ಜೋಡಿಸಲು ಹೋದರೆ ಕೊನೆಯ ಅಕ್ಷರ ಮತ್ತು ಮುಂದಿನವರ ಮೊದಲ ಅಕ್ಷರದ ನಡುವಿನ ಕೊಂಡಿ ಸಿಗುವುದಿಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿ, ಎರಡು ಮೈಕಿನಲ್ಲಿ, ಒಟ್ಟಿಗೆ ಹೇಳಿ. ಮೈಕುಗಳ ನಡುವೆ ಕನಿಷ್ಠ ಬಾಯಿ-ಮೈಕ್ ದೂರದ ಮೂರು ಪಟ್ಟು ಅಂತರ ಬೇಕು. ಬಾಯಿಂದ ಮೈಕ್ 15 ಸೆಂಟಿಮೀಟರ್ ಇದ್ದರೆ ಮೈಕ್-ಮೈಕ್ ನಡುವೆ 45ಕ್ಕಿಂತ ಕಡಿಮೆ ಬೇಡ.

‘ಪೇಷೆನ್ಸ್’ ಇದಕ್ಕೆ ತದ್ವಿರುದ್ಧ. ಮಾಲಿ ದೇಶದ ಅಂಧ ದಂಪತಿ ಅಮಾಡು ಮತ್ತು ಮರಿಯಮ್ ಅವರ ‘ಸಬಾಲಿ’ಯ ದನಿಯನ್ನೇ ಬೆನ್ನೆಲುಬಾಗಿ ಇಟ್ಟುಕೊಂಡು, ಉದ್ದುದ್ದ ವರ್ಸ್ ಕೊಟ್ಟಿದ್ದಾರೆ. ಡ್ರಮ್ಸ್ ಕಡಿಮೆ, ಅವಸರವಿಲ್ಲ. ಪ್ರಶ್ನೆ ಕೇಳುವ ಸಾಹಿತ್ಯಕ್ಕೆ ಆ ಜಾಗ ಬೇಕೇ ಬೇಕು. ನನ್ನ ಮಟ್ಟಿಗೆ ಇಡೀ ಆಲ್ಬಮ್ಮಿನ ಶಿಖರ ಅದೇ.

‘ಲ್ಯಾಂಡ್ ಆಫ್ ಪ್ರಾಮಿಸ್’ನಲ್ಲಿ ಮೂರನೇ ದನಿ ರೆಗ್ಗೆ ಗಾಯಕ ಡೆನ್ನಿಸ್ ಬ್ರೌನ್‌ನದು. ಆತ ತೀರಿಕೊಂಡದ್ದು 1999ರಲ್ಲಿ. ಹಳೆಯ ಹಾಡಿನ ದನಿಯನ್ನು ಕೋರಸ್ ಮಾಡಿ, ಇಬ್ಬರೂ ಅದಕ್ಕೆ ಉತ್ತರ ಕೊಡುತ್ತಾರೆ. ಜಮೈಕಾದಲ್ಲಿ ಇದು ಹೊಸದೇನಲ್ಲ. ಹಾಡಿನ ರಿದಂ, ಅಂದರೆ ಡ್ರಮ್-ಬೇಸಿನ ಮೂಲ ಕಟ್ಟು, ಒಬ್ಬರ ಸ್ವತ್ತಾಗಿ ಉಳಿಯುವುದಿಲ್ಲ. ಒಂದೇ ರಿದಂ ಮೇಲೆ ಹತ್ತು ಗಾಯಕರು ಹತ್ತು ಹಾಡು ಹೇಳುತ್ತಾರೆ. ‘ವೆಲ್‌ಕಮ್ ಟು ಜ್ಯಾಮ್‌ರಾಕ್’ ಹಾಡೂ ಸ್ಲೈ ಮತ್ತು ರಾಬಿ ಎಂಬ ಡ್ರಮ್-ಬೇಸ್ ಜೋಡಿ ಗಾಯಕ ಐನಿ ಕಮೋಝಿಗೆ ಕಟ್ಟಿಕೊಟ್ಟ ಹಳೆಯ ರಿದಂ ಮೇಲೆಯೇ ನಿಂತಿದೆ. ಮುದ್ರಿತ ತಟ್ಟೆಯ ಹಿಂಬದಿಯ ದನಿಯಿಲ್ಲದ ‘ವರ್ಷನ್’ ಮೇಲೆ ಯು-ರಾಯ್‌ನಂಥವರು ಮಾತು ಕಟ್ಟಿದ್ದೇ ಡೀಜೇ ಪದ್ಧತಿ. ಅಲ್ಲಿ ಡೀಜೇ ಎಂದರೆ ಮೈಕ್ ಹಿಡಿದು ಹೇಳುವವನು, ತಟ್ಟೆ ಹಾಕುವವನು ಸೆಲೆಕ್ಟರ್. ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದ ಕೂಲ್ ಹರ್ಕ್ 1967ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ಬಂದು, 1973ರ ಆಗಸ್ಟ್ 11ರಂದು ಸೆಡ್ಜ್‌ವಿಕ್ ಅವೆನ್ಯೂನ 1520ನೇ ಕಟ್ಟಡದಲ್ಲಿ ನಡೆಸಿದ ಪಾರ್ಟಿಯನ್ನು ಹಿಪ್‌ಹಾಪ್‌ನ ಹುಟ್ಟು ಎನ್ನುವುದು ಎಲ್ಲರಿಗೂ ಗೊತ್ತು. ಆಲ್ಬಮ್ಮಿನ ಹೆಸರು ಹೇಳುವ ದೂರದ ನೆಂಟಸ್ತಿಕೆ ಬರೀ ಆಫ್ರಿಕಾದ್ದಲ್ಲ, ಈ ಎರಡು ಸಂಗೀತದ್ದೂ ಹೌದು.

ಇದರಿಂದ ನಿಮಗೆ ಸಿಗುವ ಉಪಾಯ: ಐದು ಹಾಡಿಗೆ ಐದು ಬೀಟ್ ಬೇಡ. ನಾಲ್ಕು ಮಾಡಿ, ಒಂದೇ ರಿದಂ ಮೇಲೆ ಎರಡು ಹಾಡು ಇಡಿ. ಒಂದರಲ್ಲಿ ರ‍್ಯಾಪರ್ ಮುಂದೆ, ಇನ್ನೊಂದರಲ್ಲಿ ಹಾಡುವವರು ಮುಂದೆ. ರೆಗ್ಗೆ ಬಲ್ಲವರು ಅದನ್ನು ತಕ್ಷಣ ಗುರುತಿಸಿ ಖುಷಿಪಡುತ್ತಾರೆ.

ಸಡಿಲ ಹಾಡುಗಳೂ ಇವೆ. ಜಾಸ್ ಸ್ಟೋನ್, ಲಿಲ್ ವೇಯ್ನ್ ಬರುವ ‘ಮೈ ಜನರೇಷನ್’ನಲ್ಲಿ ಕೋರಸ್ ಎಷ್ಟು ದೊಡ್ಡದಾಗಿದೆ ಎಂದರೆ ಇಬ್ಬರ ನಡುವಿನ ಮಾತುಕತೆಯೇ ಅದರ ಅಡಿಗೆ ಸಿಕ್ಕಿಬಿಡುತ್ತದೆ. ಅತಿಥಿಗಳನ್ನು ಕರೆಯುವ ಮೊದಲು ಅದನ್ನೊಮ್ಮೆ ಕೇಳಿ.

---

ಬಬಲ್_ಆರ್ಗನ್

@ಕಿಂಗ್‌ಸ್ಟನ್_ಕಿವಿ ‘ಮೈ ಜನರೇಷನ್’ ಬಗ್ಗೆ ಒಪ್ಪುವುದಿಲ್ಲ. ಮೂರು ಗಂಭೀರ ಹಾಡು ಆದ ಮೇಲೆ ಕೇಳುಗರಿಗೆ ಜೊತೆಗೂಡಿ ಹಾಡಲು ಏನಾದರೂ ಬೇಕು. 13 ಹಾಡಿನಲ್ಲಿ 12ನೆಯದಾಗಿ ಅದು ಬರುವುದು ಸರಿಯಾದ ಜಾಗ, ಅದರ ಬೆನ್ನಿಗೇ ಸೊಮಾಲಿ ಮೂಲದ ಕೆನಾನ್ ಜೊತೆಗಿನ ‘ಆಫ್ರಿಕಾ ಮಸ್ಟ್ ವೇಕ್ ಅಪ್’ ಮತ್ತೆ ನೆಲಕ್ಕೆ ತರುತ್ತದೆ. ಆದರೆ 5 ಹಾಡಿನ ಇಪಿಯಲ್ಲಿ ಅಂಥದ್ದಕ್ಕೆ ಜಾಗವಿಲ್ಲ, ಅದು ನಿಜ.

ಇನ್ನೊಂದು ಮಾತು. ಇದೇ ಬೆರಕೆಯನ್ನು ಇನ್ನೊಂದು ತುದಿಯಿಂದ ನೋಡಬೇಕೆಂದರೆ ಡ್ರಮ್-ಬೇಸ್ ಜೋಡಿಯೇ ಆದ ಸ್ಲೈ ಮತ್ತು ರಾಬಿಯ ‘ಸೈಲೆಂಟ್ ಅಸಾಸಿನ್’ (1989) ಹುಡುಕಿ. ಅಲ್ಲಿ ನಿರ್ಮಾಣ ರ‍್ಯಾಪರ್ ಕೆಆರ್‌ಎಸ್-ಒನ್‌ನದು, ವಾದ್ಯ ಜಮೈಕಾದವರದು. ಯಾರು ನೆಲ ಹಾಕಿದರು ಎಂಬುದರಿಂದ ಫಲಿತಾಂಶ ಎಷ್ಟು ಬದಲಾಗುತ್ತದೆ ಎಂಬುದು ಎರಡನ್ನೂ ಕೇಳಿದರೆ ಗೊತ್ತಾಗುತ್ತದೆ.

ಉಪಕರಣ ಸಾಲದು ಎಂಬ ಚಿಂತೆ ಬೇಡ. 1985ರಲ್ಲಿ ಡಾನ್ಸ್‌ಹಾಲನ್ನೇ ಡಿಜಿಟಲ್ ಕಡೆಗೆ ತಿರುಗಿಸಿದ ಸ್ಲೆಂಗ್ ಟೆಂಗ್ ರಿದಂ ಹುಟ್ಟಿದ್ದು ಕ್ಯಾಸಿಯೊ ಎಂಟಿ-40 ಎಂಬ ಪುಟ್ಟ ಕೀಬೋರ್ಡಿನ ಸಿದ್ಧ ತಾಳದಿಂದ.

---

ಮಾತ್ರೆಗಣ

ಕನ್ನಡದಲ್ಲಿ ಹೇಳುವಾಗ ಬರುವ ತೊಡಕಿನ ಬಗ್ಗೆ ಯಾರೂ ಬರೆದಿಲ್ಲ, ಅದನ್ನಷ್ಟೇ ಬರೆಯುತ್ತೇನೆ.

ಲಘುವಿಗೆ ಒಂದು ಮನೆ, ಗುರುವಿಗೆ ಎರಡು ಮನೆ ಎಂದು ಇಟ್ಟುಕೊಂಡರೆ ಒಂದು ಬಾರಿಗೆ 16 ಮಾತ್ರೆ. 75 ಬಿಪಿಎಂನಲ್ಲಿ ಸೆಕೆಂಡಿಗೆ 5 ಮಾತ್ರೆ, 90ರಲ್ಲಿ 6. ನಾಲ್ಕು ಮಾತ್ರೆಯ ಗಣಗಳು, ಅಂದರೆ ಶರ ಅಥವಾ ಪರಿವರ್ಧಿನಿ ಷಟ್ಪದಿಯ ನಡೆ, ಹಿಪ್‌ಹಾಪ್ ಗ್ರಿಡ್ಡಿನಲ್ಲಿ ಹೊಂದಿಸದೆಯೇ ಕೂರುತ್ತವೆ. ‘ಊರಿನ ಕೇರಿಗೆ’ ಎಂದರೆ 4+4. ಅದೇ ಪದಗಳನ್ನು ‘ಊರು ಕೇರಿ ಬಾ’ ಎಂದು ಮಾಡಿದರೆ 3+3+2, ಡಾನ್ಸ್‌ಹಾಲ್ ಕಿಕ್ ಬೀಳುವ ಕಡೆಯೇ ಪದ ಶುರುವಾಗುತ್ತದೆ. ವಿಭಕ್ತಿ ಪ್ರತ್ಯಯ ಒಂದನ್ನು ಸೇರಿಸುವುದು, ಬಿಡುವುದು ಇಷ್ಟರಲ್ಲೇ ಹಿಪ್‌ಹಾಪ್ ನಡೆಯಿಂದ ಡಾನ್ಸ್‌ಹಾಲ್ ನಡೆಗೆ ದಾಟಬಹುದು. ರ‍್ಯಾಪರ್ 4+4ರಲ್ಲಿ, ಹಾಡುವವರು 3+3+2ರಲ್ಲಿ ಎಂದು ಹಂಚಿಕೊಂಡರೆ ಒಂದೇ ಬೀಟ್ ಮೇಲೆ ಇಬ್ಬರೂ ಬೇರೆ ಬೇರೆಯಾಗಿ ಕೇಳಿಸುತ್ತಾರೆ, ಬೀಟನ್ನು ಮುಟ್ಟಬೇಕಾಗಿಯೇ ಇಲ್ಲ.

ಭಾಮಿನಿಯ 3+4 ನಡೆ ನಮ್ಮ ಬಾಯಿಗೆ ಬಹಳ ಸಲೀಸು, ಗಮಕದಿಂದ ಬಂದ ರೂಢಿ. ಆದರೆ 7 ಮಾತ್ರೆ 8 ಮನೆಯಲ್ಲಿ ಒಂದು ಮನೆ ಉಳಿಸುತ್ತದೆ. ಅದನ್ನು ಗಮನಿಸದೆ ಹೇಳುತ್ತಾ ಹೋದರೆ ಪ್ರತಿ ಅರ್ಧ ಬಾರಿಗೂ ಒಂದೊಂದು ಮನೆ ಮುಂದೆ ಓಡಿ, ಎರಡು ಬಾರಿನಲ್ಲಿ ಒಂದು ಬೀಟ್ ಜಾರಿರುತ್ತದೆ. ಆ ಉಳಿದ ಮನೆಯನ್ನು ಬೇಕೆಂದೇ ಮೌನವಾಗಿ ಬಿಟ್ಟರೆ ಮಾತ್ರ ಚೆನ್ನಾಗಿ ಕೂರುತ್ತದೆ.

ಅಂತ್ಯಪ್ರಾಸಕ್ಕೆ ಹೆಚ್ಚು ಜೋತುಬೀಳಬೇಡಿ. ಕನ್ನಡ ವಾಕ್ಯದ ಕೊನೆಗೆ ಕ್ರಿಯಾಪದ ಬರುವುದರಿಂದ ‘-ತ್ತೀನಿ’, ‘-ತ್ತಾನೆ’ ತಾವಾಗಿಯೇ ಪ್ರಾಸವಾಗುತ್ತವೆ, ಎಂಟು ಸಾಲಿನಲ್ಲಿ ಬೇಸರ ಬರುತ್ತದೆ. ಸಾಲಿನ ಎರಡನೇ ಅಕ್ಷರದ ಪ್ರಾಸ, ಅಂದರೆ ನಮ್ಮ ಹಳೆಯ ಆದಿಪ್ರಾಸ, ಇಲ್ಲಿ ಬಹಳ ಕೆಲಸ ಮಾಡುತ್ತದೆ. ಒನ್ ಡ್ರಾಪ್‌ನಲ್ಲಿ 1ನೇ ಮನೆ ಖಾಲಿ ಇರುವಾಗ ಸಾಲಿನ ಆರಂಭದ ಆ ಒತ್ತಕ್ಷರವೇ ಕಿಕ್‌ನ ಕೆಲಸ ಮಾಡಿಬಿಡುತ್ತದೆ. ‘ಕಟ್ಟು’, ‘ಬಿಟ್ಟು’, ‘ನೆಟ್ಟು’ಗಳನ್ನು ಆ ಜಾಗದಲ್ಲಿ ಇಟ್ಟು ನೋಡಿ.

16 ಮನೆಯನ್ನೂ ತುಂಬಬೇಡಿ. 14ರಿಂದ 16 ಖಾಲಿ ಇರಲಿ. ಉಸಿರಿಗೂ ಬೇಕು, ಡಿಲೇ ಮರುಧ್ವನಿ ಕೇಳಿಸಲೂ ಬೇಕು.

ಹಾಡುವವರಿಗೆ ಒಂದು ಮನವಿ: ಜಮೈಕಾದ ಪ್ಯಾಟ್ವಾ ಉಚ್ಚಾರವನ್ನು ಅನುಕರಿಸಬೇಡಿ. ಆ ನುಡಿ ಡೇಮಿಯನ್‌ನ ಮನೆಮಾತು, ನಮ್ಮದಲ್ಲ. ಸಿಂಗ್‌ಜೇ (ಅರ್ಧ ಹಾಡು ಅರ್ಧ ಮಾತು) ಶೈಲಿಯಲ್ಲಿ ನಿಜವಾಗಿ ಕಲಿಯಬೇಕಾದದ್ದು ಸ್ವರದ ಮಿತಿ. ಮೂರರಿಂದ ಐದು ಸ್ವರದೊಳಗೆ ಇದ್ದು, ಸಾಲಿನ ಬಹುಭಾಗ ಒಂದೇ ಸ್ವರದಲ್ಲಿ ಹೇಳಿ, ಕೊನೆಯ ಪದದಲ್ಲಿ ಮಾತ್ರ ಕೆಳಗಿಳಿಯುವುದು. ಇದು ಮಂಗಳೂರು ಕನ್ನಡಕ್ಕೂ ಧಾರವಾಡ ಕನ್ನಡಕ್ಕೂ ಹೊಂದುತ್ತದೆ.

---

ಕಿಕ್_ಕಡಲು

ಎಲ್ಲರಿಗೂ ಧನ್ಯವಾದ. 1ನೇ ಮನೆಯ ಕಿಕ್ ತೆಗೆದು, ಗ್ರೂವ್ ಒಂದೇ ಮಾಡಿದ ಮೇಲೆ ವರ್ಸ್-ಕೋರಸ್ ನಡುವಿನ ಹೊಲಿಗೆ ಕಾಣುತ್ತಿಲ್ಲ. ಈಗ ಉಳಿದದ್ದು ಬೇಸ್. ಹೆಡ್‌ಫೋನಿನಲ್ಲಿ ಸರಿ ಇರುತ್ತದೆ, ದೊಡ್ಡ ಸ್ಪೀಕರಿನಲ್ಲಿ ಕೆಲವು ಸ್ವರ ಗುಡುಗುತ್ತವೆ, ಕೆಲವು ಕಾಣೆಯಾಗುತ್ತವೆ. ಡಬ್ ಡಿಲೇ ಹಾಕಿದರೆ ರ‍್ಯಾಪ್ ಸಾಲು ಅರ್ಥವಾಗುವುದಿಲ್ಲ.

---

ನಲವತ್ತೊಂದು_ಹರ್ಟ್ಜ್

808 ಮತ್ತು ಬೇಸ್ ಗಿಟಾರ್ ಎರಡೂ ಒಂದೇ ಸಮಯಕ್ಕೆ ಕೆಳಸ್ವರ ನುಡಿಯುತ್ತಿವೆ, ಅದೇ ರೋಗ. ಬೇಸ್ ಗಿಟಾರಿನ ಕೆಳಗಿನ ಇ ತಂತಿ 41 ಹರ್ಟ್ಜ್, 808ನ್ನು ಸಾಮಾನ್ಯವಾಗಿ ಕೂರಿಸುವುದೂ 40ರಿಂದ 60ರ ನಡುವೆ. ಎರಡರ ಅಲೆಗಳು ಕೆಲವು ಸ್ವರದಲ್ಲಿ ಕೂಡಿ ಗುಡುಗುತ್ತವೆ, ಕೆಲವದರಲ್ಲಿ ಪರಸ್ಪರ ಕಳೆದುಕೊಂಡು ಮಾಯವಾಗುತ್ತವೆ. ಹೆಡ್‌ಫೋನಿನಲ್ಲಿ ಗೊತ್ತಾಗದಿರುವುದಕ್ಕೆ ಕಾರಣ, ಬಹಳಷ್ಟು ಹೆಡ್‌ಫೋನುಗಳು ಅಷ್ಟು ಕೆಳಗಿನದ್ದನ್ನು ಸರಿಯಾಗಿ ತೋರಿಸುವುದಿಲ್ಲ, ಕೋಣೆಯ ಅನುರಣನವೂ ಇರುವುದಿಲ್ಲ.

ರೆಗ್ಗೆಯಲ್ಲಿ ಬೇಸ್ ಎಂದರೆ ರಾಗ. ಹಾಡಿನ ಗುರುತೇ ಬೇಸ್‌ಲೈನ್. ಆದ್ದರಿಂದ ಬೇಸ್ ಗಿಟಾರ್ ಉಳಿಸಿ, 808ನ್ನು ಕಿಕ್‌ನ ಬಾಲವಾಗಿ ಮಾತ್ರ ಬಳಸಿ. ಕ್ರಮ ಹೀಗೆ:

808ನ್ನು ಹಾಡಿನ ಶ್ರುತಿಗೆ ಟ್ಯೂನ್ ಮಾಡಿ. ಹಾಡು ಎ ಮೈನರ್ ಆದರೆ 55 ಹರ್ಟ್ಜ್. ಡಿಕೇ (ಸದ್ದು ಆರುವ ಸಮಯ) 150–200 ಮಿಲಿಸೆಕೆಂಡಿಗೆ ಮೊಟಕುಗೊಳಿಸಿ. ಬೇಸ್ ಗಿಟಾರಿನ ಮೇಲೆ ಕಂಪ್ರೆಸರ್ ಇಟ್ಟು ಕಿಕ್‌ನಿಂದ ಸೈಡ್‌ಚೈನ್ ಕೊಡಿ (ಕಿಕ್ ಬಿದ್ದಾಗಲೆಲ್ಲ ಬೇಸ್ ತಗ್ಗುವಂತೆ), 3ರಿಂದ 4 ಡೆಸಿಬಲ್ ತಗ್ಗಿದರೆ ಸಾಕು, ರಿಲೀಸ್ 80–120 ಮಿಲಿಸೆಕೆಂಡ್. ಇಡಿಎಂ (ಎಲೆಕ್ಟ್ರಾನಿಕ್ ನೃತ್ಯಸಂಗೀತ) ಹಾಗೆ ಪಂಪ್ ಆಗುವಷ್ಟು ತಗ್ಗಿಸಿದರೆ ರೆಗ್ಗೆಯ ನಡಿಗೆ ಹೋಗಿಬಿಡುತ್ತದೆ. 120 ಹರ್ಟ್ಜ್ ಕೆಳಗಿನದ್ದೆಲ್ಲ ಮೋನೋ ಇರಲಿ. ಬೇಸಿನ ಟೋನ್ ನಾಬ್ ಪೂರ್ತಿ ಇಳಿಸಿ, ಹೆಬ್ಬೆರಳಿನಿಂದ ಅಥವಾ ಬೆರಳ ತಿರುಳಿನಿಂದ ನುಡಿಸಿ. ಚಿಕ್ಕ ಸ್ಪೀಕರಿನಲ್ಲೂ ಕೇಳಬೇಕೆಂದರೆ ಮೇಲಿನ ತುದಿಯನ್ನು ಈಕ್ಯೂನಿಂದ ಎತ್ತುವ ಬದಲು ಸ್ವಲ್ಪ ಸ್ಯಾಚುರೇಷನ್ (ಹದವಾದ ಒಡಕು) ಕೊಡಿ. 100–250ರ ನಡುವೆ ಹುಟ್ಟುವ ಹಾರ್ಮೋನಿಕ್‌ಗಳು ಮೊಬೈಲಿನಲ್ಲೂ ಸ್ವರ ತೋರಿಸುತ್ತವೆ.

ಇಬ್ಬರ ದನಿಗೂ 80–100 ಹರ್ಟ್ಜ್‌ನಲ್ಲಿ ಹೈಪಾಸ್ (ಅದರ ಕೆಳಗಿನದ್ದನ್ನು ಕತ್ತರಿಸುವುದು). ರ‍್ಯಾಪ್ ಒಣಗಿರಲಿ, ಮಧ್ಯದಲ್ಲಿರಲಿ. ಹಾಡುವವರ ದನಿಗೆ ಸ್ಪ್ರಿಂಗ್ ರಿವರ್ಬ್. ಒಬ್ಬರು ಹತ್ತಿರ, ಒಬ್ಬರು ಕೊಂಚ ದೂರ ಎಂಬ ಈ ಅಂತರ ಇಬ್ಬರನ್ನೂ ಬೇರ್ಪಡಿಸುತ್ತದೆ. ಎಡಕ್ಕೊಬ್ಬರು ಬಲಕ್ಕೊಬ್ಬರು ಎಂದು ಪ್ಯಾನ್ ಮಾಡಬೇಡಿ, ವೇದಿಕೆಯಲ್ಲಿ ಅರ್ಧ ಜನಕ್ಕೆ ಒಬ್ಬರೇ ಕೇಳಿಸುತ್ತಾರೆ.

ಡಿಲೇಯನ್ನು ಟ್ರ್ಯಾಕ್ ಮೇಲೆ ಇನ್ಸರ್ಟ್ ಆಗಿ ಹಾಕಿದ್ದೀರಿ ಅನ್ನಿಸುತ್ತದೆ. ಅದನ್ನು ತೆಗೆದು ಸೆಂಡ್ ಚಾನೆಲ್ (ಬೇಕಾದಾಗ ಮಾತ್ರ ದನಿ ಕಳಿಸುವ ಬೇರೆ ದಾರಿ) ಮಾಡಿ. ಸೆಂಡ್ ಸೊನ್ನೆಯಲ್ಲಿರಲಿ, ಸಾಲಿನ ಕೊನೆಯ ಪದಕ್ಕೆ ಮಾತ್ರ ಎತ್ತಿ, ತಕ್ಷಣ ಇಳಿಸಿ. ಚುಕ್ಕಿ ಸೇರಿದ ಎಂಟನೇ ಸ್ವರದ ಸಮಯ ಹೊಂದುತ್ತದೆ. 60000ವನ್ನು ಬಿಪಿಎಂನಿಂದ ಭಾಗಿಸಿ 0.75ರಿಂದ ಗುಣಿಸಿ: 75ಕ್ಕೆ 600 ಮಿಲಿಸೆಕೆಂಡ್, 90ಕ್ಕೆ 500, 100ಕ್ಕೆ 450. ಈ ಸಮಯ ಮೂರು ಮನೆಗೆ ಸಮ, ಆದ್ದರಿಂದ ಮರುಧ್ವನಿ ತಾನಾಗಿಯೇ 3-3-2ರ ಮೊದಲ ಎರಡು ಹೆಜ್ಜೆ ಹಾಕುತ್ತದೆ. ಫೀಡ್‌ಬ್ಯಾಕ್ 35–45%. ಡಿಲೇ ಒಳಗೆ 300 ಹರ್ಟ್ಜ್ ಕೆಳಗೂ 3 ಕಿಲೋಹರ್ಟ್ಜ್ ಮೇಲೂ ಕತ್ತರಿಸಿ. ಮೇಲಿನ ತುದಿ ಕತ್ತರಿಸದಿದ್ದರೆ ‘ಸ’, ‘ಶ’, ‘ಚ’ಗಳು ಮುಂದಿನ ಸಾಲಿನ ಮೇಲೆ ಉದುರುತ್ತಲೇ ಇರುತ್ತವೆ, ರ‍್ಯಾಪ್ ಅರ್ಥವಾಗದಿರುವುದು ಅದಕ್ಕೇ.

---

ತಟ್ಟೆ_ಹಕ್ಕು

ಹಳೆಯ ಹಾಡಿನ ಲೂಪ್ ಬಗ್ಗೆ. ಧ್ವನಿಮುದ್ರಣದಲ್ಲಿ ಎರಡು ಬೇರೆ ಹಕ್ಕುಗಳಿವೆ: ರೆಕಾರ್ಡಿಂಗಿನದು ಒಂದು, ರಾಗ-ಸಾಹಿತ್ಯದ್ದು ಇನ್ನೊಂದು. ತುಣುಕು ಕತ್ತರಿಸಿ ಬಳಸಿದರೆ ಎರಡಕ್ಕೂ ಅನುಮತಿ ಬೇಕು. ‘ಐದು ಸೆಕೆಂಡ್ ಒಳಗಿದ್ದರೆ ಪರವಾಗಿಲ್ಲ’ ಎಂಬ ನಿಯಮ ಕಾಯ್ದೆಯಲ್ಲಿ ಇಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. ರಾಗ ಮತ್ತು ಸಾಹಿತ್ಯದ ಹಕ್ಕು ಕರ್ತೃ ತೀರಿಕೊಂಡ ಮರುವರ್ಷದಿಂದ 60 ವರ್ಷ. ಹಾಗಾಗಿ 78 ಆರ್‌ಪಿಎಂ ತಟ್ಟೆಯ ರೆಕಾರ್ಡಿಂಗ್ ಅವಧಿ ಮುಗಿದಿದ್ದರೂ ಹಾಡು ಬರೆದವರ ಹಕ್ಕು ಇನ್ನೂ ಜೀವಂತ ಇರಬಹುದು. ಎರಡನ್ನೂ ಬೇರೆ ಬೇರೆ ಪರಿಶೀಲಿಸಬೇಕು. ಇದು ಭಾರತದ ಲೆಕ್ಕ. ಸ್ಟ್ರೀಮಿಂಗ್‌ನಲ್ಲಿ ಹೊರದೇಶಕ್ಕೂ ಹೋಗುವುದರಿಂದ ಅಲ್ಲಿನ ಅವಧಿ ಬೇರೆ ಎಂಬುದು ನೆನಪಿರಲಿ.

ಕೆಲವರು 31ಸಿ ಕಲಮು ತೋರಿಸುತ್ತಾರೆ. ಅದು ಕವರ್ ಹಾಡಿಗೆ, ಸ್ಯಾಂಪಲ್‌ಗೆ ಅಲ್ಲ. ಅದರಲ್ಲೂ ಮೂಲ ರೆಕಾರ್ಡಿಂಗ್ ಆದ ವರ್ಷ ಮುಗಿದು 5 ವರ್ಷ ಕಳೆದಿರಬೇಕು, ಮುಂಗಡ ನೋಟಿಸ್ ಕೊಡಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಯ ರಾಯಲ್ಟಿ ಕಟ್ಟಬೇಕು, ಸಾಹಿತ್ಯ ಬದಲಿಸುವಂತಿಲ್ಲ. ರ‍್ಯಾಪ್ ಸೇರಿಸುವ ನಿಮಗೆ ಅದು ಉಪಯೋಗಕ್ಕೆ ಬಾರದು.

ಸಣ್ಣ ಖರ್ಚಿನ ದಾರಿ ಎರಡು. ಒಂದು, ಆ ರಾಗದ ತುಣುಕನ್ನು ನೀವೇ ಮತ್ತೆ ನುಡಿಸಿ ರೆಕಾರ್ಡ್ ಮಾಡುವುದು. ಆಗ ರೆಕಾರ್ಡಿಂಗ್ ಹಕ್ಕಿನ ಪ್ರಶ್ನೆ ಹೋಗಿ, ರಾಗದ ಹಕ್ಕಿನದು ಮಾತ್ರ ಉಳಿಯುತ್ತದೆ. ಎರಡು, ಕರ್ತೃ ಗೊತ್ತಿಲ್ಲದ ಜನಪದ ಧಾಟಿ ಆರಿಸುವುದು. ಆದರೆ ಯಾವುದೋ ಕ್ಯಾಸೆಟ್ಟಿನಿಂದ ಕತ್ತರಿಸಬೇಡಿ, ಆ ಕ್ಯಾಸೆಟ್ ರೆಕಾರ್ಡಿಂಗಿಗೂ ಒಡೆಯರಿರುತ್ತಾರೆ. ಹಾಡು ಬಲ್ಲವರಿಂದ ಹೊಸದಾಗಿ ಹಾಡಿಸಿ, ಸಂಭಾವನೆ ಕೊಟ್ಟು, ಹೆಸರು ಹಾಕಿ, ಒಪ್ಪಿಗೆಯನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಆ ಕಾಗದದಲ್ಲಿ ಸ್ಟ್ರೀಮಿಂಗ್, ವಿಡಿಯೊ, ವೇದಿಕೆ ಮೂರೂ ಇರಲಿ.

ನಿಮ್ಮಿಬ್ಬರ ನಡುವಿನ ಪಾಲನ್ನೂ ಇವತ್ತೇ ಬರೆದಿಡಿ: ಪ್ರತಿ ಹಾಡಿಗೂ ಸಾಹಿತ್ಯಕ್ಕೆ ಎಷ್ಟು, ಸಂಗೀತಕ್ಕೆ ಎಷ್ಟು, ರೆಕಾರ್ಡಿಂಗ್ ಯಾರದು. ಐಪಿಆರ್‌ಎಸ್ (ಹಾಡಿನ ಕರ್ತೃಗಳ ರಾಯಲ್ಟಿ ಸಂಸ್ಥೆ) ನೋಂದಣಿಯಲ್ಲಿ ಅದೇ ಅಂಕಿ ಹೋಗಬೇಕು.

---

ಹದಿನಾರು_ಮನೆ

ವೇದಿಕೆಗೆ ಹೋಗುವ ಯೋಚನೆ ಇದ್ದರೆ ಮಿಕ್ಸ್ ಮುಗಿಸುವಾಗಲೇ ನಾಲ್ಕು ಸ್ಟೆಮ್ (ಗುಂಪುವಾರು ಬೇರೆ ಬೇರೆ ಆಡಿಯೊ ಕಡತ) ತೆಗೆದಿಟ್ಟುಕೊಳ್ಳಿ: ಡ್ರಮ್ಸ್, ಬೇಸ್, ಗಿಟಾರ್-ಆರ್ಗನ್, ಹಿಮ್ಮೇಳದ ದನಿ. ಎಲ್ಲವೂ 48 ಕಿಲೋಹರ್ಟ್ಜ್, 24 ಬಿಟ್, ಒಂದೇ ಜಾಗದಿಂದ ಶುರು. ಡಿಲೇಯನ್ನು ಸ್ಟೆಮ್ಮಿನಲ್ಲಿ ಅಚ್ಚು ಹಾಕಬೇಡಿ. ಅದು ವೇದಿಕೆಯ ಮೇಲೆ ಕೈಯಿಂದಲೇ ಆಗಬೇಕಾದ ಕೆಲಸ, ಮಿಕ್ಸರಿನಲ್ಲಿ ಒಂದು ಆಕ್ಸ್ ಸೆಂಡ್ ಅದಕ್ಕೇ ಮೀಸಲಿಡಿ. ಡಿಲೇ ವಾಪಸ್ ಬರುವ ಚಾನೆಲ್ಲಿನಲ್ಲಿ ಅದೇ ಆಕ್ಸ್ ನಾಬ್ ಪೂರ್ತಿ ಇಳಿದಿದೆಯೇ ಎಂದು ಮೊದಲೇ ನೋಡಿ, ಇಲ್ಲದಿದ್ದರೆ ಮೊದಲ ಮರುಧ್ವನಿಯೇ ಸುತ್ತಿ ಸುತ್ತಿ ಕೂಗಾಗುತ್ತದೆ.

ಬೇಸ್ ಸ್ಟೆಮ್ ಬೇರೆ ಇದ್ದರೆ ಇನ್ನೊಂದು ಅನುಕೂಲ: ಸಬ್‌ವೂಫರ್ ಇಲ್ಲದ ಸಭಾಂಗಣದಲ್ಲಿ ಅದನ್ನು 2 ಡೆಸಿಬಲ್ ಇಳಿಸಿ 60 ಹರ್ಟ್ಜ್‌ನಲ್ಲಿ ಹೈಪಾಸ್ ಕೊಡಬಹುದು. ಸ್ಪೀಕರ್ ಹರಿದ ಸದ್ದು ಬರುವುದಿಲ್ಲ, ಮೇಲಿನ ಹಾರ್ಮೋನಿಕ್‌ಗಳಿಂದ ಬೇಸ್‌ಲೈನ್ ಕೇಳುತ್ತಲೇ ಇರುತ್ತದೆ.